ನೇಪಾಳಕ್ಕೆ ಇಬ್ಬರು

"ನೇಪಾಳದಾಗ ದಾರಿ ಯಾರ್ನ ಕೇಳಬೇಕೋ ಶಿವನ?" ಕಾರು ಒರೆಸುತ್ತ ನಂದಾ ತನ್ನಷ್ಟಕ್ಕೆ ಅಂದಳು.

ಮದುವೆಯಾಗಿ ಇಪ್ಪತ್ತೆಂಟು ವರ್ಷವಾದರೂ ಮನೆಮಂದಿ ತುಂಬದ ಗಾಡಿಯಲ್ಲಿ ಅವಳು ಗಂಡನೊಡನೆ ಎಲ್ಲಿಗೂ ಹೋಗಿರಲಿಲ್ಲ. ಪಶುಪತಿನಾಥನ ದರ್ಶನಕ್ಕಾದರೂ ಇಬ್ಬರೇ ಹೋಗಬೇಕೆಂಬುದು ಅವಳ ಆಸೆ. ದಾರಿ ತೋರಿಸಲು ತನ್ನ ತಮ್ಮ ಪ್ರಭು ಬರಲಿ ಎಂಬುದು ಗಂಡ ಸಂಗನಬಸವನ ಹಟ.

ಅಂಗಡಿಯಲ್ಲಿ ದಾರಿ ಹೇಳುವ ಯಂತ್ರಕ್ಕೆ ಹನ್ನೆರಡು ಸಾವಿರ. ನಂದಾ ಹಳೆಯ ಫೋನಿಗೇ ನಕಾಶೆ ಪುಕ್ಕಟೆ ಇಳಿಸಿಕೊಂಡಳು. ನೇಪಾಳದಲ್ಲಿ ನೆಟ್ ಸಿಗದಿದ್ದರೂ ನಡೆಯುತ್ತದೋ ಎಂದು ನೋಡಲು ನೆಟ್ ಬಂದ್ ಮಾಡಿ, ನವಲಗುಂದದಿಂದ ತಿರ್ಲಾಪುರಕ್ಕೆ ಇಬ್ಬರೂ ಹಿಂದೆ ಕಾಣದ ಹೊಲದ ದಾರಿಯಲ್ಲಿ ಗಂಡನಿಂದ ಕಾರು ಹೊಡೆಸಿದಳು. ಸಂಗನಬಸವ ಪ್ರತಿ ಕ್ರಾಸಿನಲ್ಲೂ ಗಾಜು ಇಳಿಸಿ ಮಂದಿಯನ್ನು ಕೇಳಿದ. ಫೋನು ಹೇಳಿದ್ದನ್ನೇ ಅವರೂ ಹೇಳಿದರು.

"ಅಗದಿ ಬರೋಬ್ಬರಿ ಐತಿ ಬಿಡು," ಅವನು ನಕ್ಕ. "ಆದ್ರೂ ಪ್ರಭುನ್ನ ಕರಕೊಳ್ಳೂಣಲ್ಲ? ಹಿಂದಿನ ಸೀಟು ಖಾಲಿ ಐತಿ."

"ಖಾಲಿ ಇರ್ಲಿ. ಬ್ಯಾಡಂದ್ರ ಬ್ಯಾಡ್ರಿ."