ತೊಟ್ಟಿಗೆ ಹನ್ನೊಂದು ಹೆಜ್ಜೆ

ಹೊಸ ಕಾಂಕ್ರೀಟಿಗೆ ನೀರುಣಿಸುವ ವಿಷಯದಲ್ಲಿ ಮೇಸ್ತ್ರಿ ಯಾರನ್ನೂ ನಂಬುತ್ತಿರಲಿಲ್ಲ. ಕಂಬಗಳಿಗೆ ಗೋಣಿ ಸುತ್ತಿಸಿ, ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ಎದುರಿಗೇ ನಿಂತು ತೊಟ್ಟಿಯ ನೀರು ಹೊಯ್ಯಿಸುತ್ತಿದ್ದ. ಸುಡುಮಧ್ಯಾಹ್ನದಲ್ಲಿ ಮಾತ್ರ ಒಂದು ಹನಿಯನ್ನೂ ಬೀಳಗೊಡುತ್ತಿರಲಿಲ್ಲ. ಕಾದ ಮೈಗೆ ತಣ್ಣೀರು ತಗುಲಿದರೆ ಬಿರುಕು ಬರುತ್ತದೆ ಎಂಬುದು ಮೂವತ್ತು ವರ್ಷಗಳಲ್ಲಿ ಅವನು ಕಲಿತ ಪಾಠ. ಅವನು ಎಬ್ಬಿಸಿದ ಒಂದು ಕಂಬವೂ ಈವರೆಗೆ ಸೀಳಿರಲಿಲ್ಲ.

ಈ ಬೇಸಿಗೆ ಹಿಂದಿನ ಬೇಸಿಗೆಗಳಂತಿರಲಿಲ್ಲ. ಬೆಳಗಿನ ಹತ್ತಕ್ಕೇ ಕಬ್ಬಿಣದ ಸರಳು ಕೈ ಸುಡುತ್ತಿತ್ತು. ಸರಳು ಕಟ್ಟುವುದು ಮೇಸ್ತ್ರಿಯ ತಮ್ಮನ ಕೆಲಸ. ಬಾಯಿಗೆ ಬಿಡುವೇ ಇಲ್ಲದವನಾದ್ದರಿಂದ ಎಲ್ಲರೂ ಅವನನ್ನು ರೇಡಿಯೋ ಎನ್ನುತ್ತಿದ್ದರು. ಕಾಮಾಲೆಯಿಂದ ಒಂದೂವರೆ ತಿಂಗಳು ಮನೆಯ ನೆರಳಿನಲ್ಲಿ ಮಲಗಿದ್ದವನು ಆ ದಿನವಷ್ಟೇ ಕೆಲಸಕ್ಕೆ ಹೊರಟಿದ್ದ.

"ಮೊದಲನೇ ದಿನ ಕಣೋ ದೊಡ್ಡವನೇ," ಎಂದು ಅಮ್ಮ ಹೊಸ್ತಿಲಲ್ಲಿ ನಿಂತು ಹೇಳಿದ್ದಳು. "ನೆರಳಲ್ಲಿ ಏನಾದ್ರೂ ಕೊಡು ಅವನಿಗೆ."

"ನಾನಿದ್ದೀನಲ್ಲಮ್ಮ."

ಆದರೆ ಮರುದಿನ ತಾರಸಿ ಹಾಕಬೇಕಿತ್ತು. ಸರಳು ಅರ್ಧಕ್ಕೆ ನಿಂತಿತ್ತು. ಮೇಸ್ತ್ರಿ ತಮ್ಮನನ್ನು ಮೇಲಕ್ಕೆ ಹತ್ತಿಸಿದ.

"ಏನೋ ರೇಡಿಯೋ, ಬೆಳಿಗ್ಗೆಯಿಂದ ಕಿರ್ರ್ ಅಂದಿಲ್ಲ?" ಎಂದು ಗಾರೆ ಹೊರುವ, ಎಲ್ಲರೂ ಅಕ್ಕ ಎನ್ನುವ ಹೆಂಗಸು ಛೇಡಿಸಿದಳು.

"ಬ್ಯಾಟರಿ ಉಳಿಸ್ತಿದ್ದೀನಿ ಅಕ್ಕ. ನಿನ್ನ ಮದುವೆಗೆ ಹಾಡಬೇಡವಾ?"

"ನನ್ನ ಮೊಮ್ಮಗಳ ಮದುವೆಗೆ ಹಾಡು, ಸಾಕು."

ಎರಡು ಗಂಟೆಗೆ ಅವನ ಮಾತು ದಾರಿ ತಪ್ಪಿತು. "ಅಮ್ಮ, ಬಾಗಿಲು ಹಾಕು, ಬಿಸಿಲು ಒಳಗೆ ಬರ್ತಿದೆ," ಎಂದ. ರೇಡಿಯೋ ಹೊಸ ನಾಟಕ ಶುರುಮಾಡಿತು ಎಂದು ಎಲ್ಲರೂ ನಕ್ಕರು, ಮೇಸ್ತ್ರಿಯೂ ನಕ್ಕ. ಸ್ವಲ್ಪ ಹೊತ್ತಿನಲ್ಲಿ ತಮ್ಮ, ಸರಳೇ ಇಲ್ಲದ ಕಡೆ, ತಂತಿ ತಿರುಚತೊಡಗಿದ. ಬರಿಯ ಗಾಳಿಗೆ ಮೂರು ಗಂಟು ಹಾಕಿ, ನಾಲ್ಕನೆಯದಕ್ಕೆ ಕುಸಿದ.

ಕೆಳಗಿಳಿಸಿ ಮರಳ ಗುಡ್ಡೆಯ ಪಕ್ಕ ಮಲಗಿಸಿದರು. ಮೈ ಹೆಂಚಿನಂತೆ ಕಾದಿತ್ತು. ಕಣ್ಣು ತೆರೆದಿದ್ದರೂ ನೋಟವಿರಲಿಲ್ಲ.

"ಮೇಸ್ತ್ರಿ, ತೊಟ್ಟಿಗೆ ಇಳಿಸಿಬಿಡೋಣ," ಎಂದು ಅಕ್ಕ ಬಿದ್ದವನ ಕಾಲುಗಳನ್ನು ಎತ್ತಿ ಹಿಡಿದಳು. "ಕುತ್ತಿಗೆತನಕ. ನೀನು ತಲೆ ಹಿಡ್ಕೋ."

"ಹುಚ್ಚಾ ನಿನಗೆ? ಕಾದು ಕೆಂಡವಾಗಿದ್ದಾನೆ. ತಣ್ಣೀರು ಸೋಕಿದ್ರೆ ಒಳಗೇ ಸೀಳಿಬಿಡುತ್ತೆ."

"ಅವನೇನು ಕಂಬಾನಾ?"

"ಕೈ ತೆಗಿ, ಅಕ್ಕ."

ಅಕ್ಕ ಕೈ ತೆಗೆದಳು. ಒದ್ದೆ ಗೋಣಿ ಸುತ್ತಿದ ಕಂಬಗಳ ನಡುವಿನಿಂದ ಅವನನ್ನು ಹೊತ್ತು ಗಾಡಿಗೆ ಹಾಕಿದರು. ಆಸ್ಪತ್ರೆಗೆ ನಲವತ್ತು ನಿಮಿಷ. ದಾರಿಯುದ್ದಕ್ಕೂ ಮೇಸ್ತ್ರಿ ತಮ್ಮನ ಮೇಲೆ ಬಿಸಿಲು ಬೀಳದಂತೆ ತನ್ನ ಅಂಗಿ ಹಿಡಿದಿದ್ದ.

ಡಾಕ್ಟರಮ್ಮ ಮಂಜುಗಡ್ಡೆ ತರಿಸಿದಳು, ಫ್ಯಾನು ತಿರುಗಿಸಿದಳು. ಜ್ವರಮಾಪಕ ನಲವತ್ತೆರಡು ಡಿಗ್ರಿ ಸೆಲ್ಸಿಯಸ್ ತೋರಿಸಿತು.

"ಎಷ್ಟು ದಿನದ ಮೇಲೆ ಬಿಸಿಲಿಗೆ ಬಂದಿದ್ರು?"

"ಒಂದೂವರೆ ತಿಂಗಳು."

"ಬಿಸಿಲು ರೂಢಿ ತಪ್ಪಿದವರಿಗೆ ಮೊದಲ ದಿನ ಒಂದೆರಡು ಗಂಟೆ ಕೆಲಸ ಕೊಟ್ಟು, ದಿನಾ ಸ್ವಲ್ಪ ಸ್ವಲ್ಪವೇ ಹೆಚ್ಚಿಸಬೇಕು. ಬಿದ್ದ ಕೂಡಲೇ ನೀರು ಹಾಕಿದ್ರಾ?"

"ಇಲ್ಲ."

"ಅಲ್ಲೇ ತಣ್ಣೀರಲ್ಲಿ ಮುಳುಗಿಸಬೇಕಿತ್ತು. ಮೊದಲ ಅರ್ಧ ಗಂಟೆಯೇ ಮುಖ್ಯ. ಮೈ ತಣಿದ ಮೇಲೆ ಗಾಡಿ."

"ಬಿರಿಯಲ್ವಾ ತಾಯಿ, ಮೈ?"

ಡಾಕ್ಟರಮ್ಮ ಒಂದು ಕ್ಷಣ ಅವನ ಕೈಯ ಸಿಮೆಂಟು ನೋಡಿದಳು. "ಇಲ್ಲ ಯಜಮಾನ್ರೇ," ಎಂದಳು. "ಮನುಷ್ಯರ ಮೈ ಬಿರಿಯಲ್ಲ."

ಮೂರನೆಯ ಬೆಳಿಗ್ಗೆ ತಮ್ಮ ತೀರಿಕೊಂಡ.

ಮಣ್ಣು ಮಾಡಿದ ಮರುದಿನ ಮೇಸ್ತ್ರಿ ಕೆಲಸದ ಜಾಗಕ್ಕೆ ಹೋದ. ಗೋಣಿಗಳು ಒಣಗಿರಲಿಲ್ಲ, ಅಕ್ಕ ಎರಡು ಹೊತ್ತೂ ನೀರು ಹೊಯ್ದಿದ್ದಳು. ಮರಳ ಗುಡ್ಡೆಯ ಬಳಿ ನಿಂತು ಅವನು ತೊಟ್ಟಿಯತ್ತ ನಡೆದ. ಹನ್ನೊಂದು ಹೆಜ್ಜೆ. ಹಿಂದಿರುಗಿ, ಪುಟ್ಟ ಹೆಜ್ಜೆಯಿಟ್ಟು ಮತ್ತೆ ಅಳೆದ. ಹದಿನೈದು. ಹೆಚ್ಚಾದ ನಾಲ್ಕು ಹೆಜ್ಜೆಗಳಿಂದ ಏನೂ ಬದಲಾಗಲಿಲ್ಲ.

"ಇನ್ನು ಯಾರೇ ತಲೆ ಸುತ್ತಿ ಬಿದ್ದರೂ ತೊಟ್ಟಿಗೆ ಇಳಿಸು, ಅಕ್ಕ. ನನ್ನನ್ನು ಕೇಳಬೇಡ."

ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡು, ಗಾರೆಯ ಬಾಣಲಿ ಎತ್ತಿಕೊಂಡು ಹೋದಳು.

ಮನೆಯಲ್ಲಿ ಅಮ್ಮ ಖಾಲಿ ಹಾಸಿಗೆಯ ಪಕ್ಕದಲ್ಲಿ ಗೋಡೆಗೆ ಒರಗಿ ಕುಳಿತಿದ್ದಳು. ದೊಡ್ಡ ಮಗ ಒಳಗೆ ಬಂದಾಗ ಕೇಳಿದಳು:

"ಅಲ್ಲಿ ನೀರಿರಲಿಲ್ವೇನೋ?"

ಇರಲಿಲ್ಲ ಎನ್ನಬಹುದಿತ್ತು. ಅಕ್ಕ ಬಾಯಿ ಬಿಡುವವಳಲ್ಲ.

"ಇತ್ತಮ್ಮ. ನಾನೇ ಬೇಡ ಅಂದೆ."

"ಎಷ್ಟು ದೂರದಲ್ಲಿತ್ತು?"

"ಹನ್ನೊಂದು ಹೆಜ್ಜೆ."

ಅಮ್ಮ ಹಿತ್ತಲ ಬಾಗಿಲಿನತ್ತ ನೋಡಿದಳು. ಮಂಡಿನೋವಿನ ಆ ಮುದುಕಿ, ಒಂದೂವರೆ ತಿಂಗಳು, ದಿನಕ್ಕೆ ಹತ್ತು ಸಲ, ಹಿತ್ತಲ ನಲ್ಲಿಯಿಂದ ಕಿರಿಯ ಮಗನ ಹಾಸಿಗೆಗೆ ನೀರು ತಂದಿದ್ದಳು. ಆ ನಲ್ಲಿ ಹನ್ನೊಂದು ಹೆಜ್ಜೆಗಿಂತ ದೂರವಿತ್ತು.