ಕಣ್ಣಲ್ಲಿ ಹಾಲು ತುಂಬಿಕೊಂಡ ಹಾವು

ಇಲಿ ಕಾಟ ಯಾರ ಮನೆಯಲ್ಲಿಲ್ಲ ಹೇಳಿ? ಮರಗೆಣಸಿನ ಹಿಟ್ಟು ಹುರಿದು ಮೂಟೆ ಕಟ್ಟಿಟ್ಟರೆ ಸಾಕು, ಬೆಳಗಾಗುವುದರೊಳಗೆ ಮೂಟೆಗೆ ತೂತು. ಹಿಟ್ಟು ಹೋದರೆ ಹೋಗಲಿ ಅನ್ನಬಹುದು. ಇಲಿಯ ಉಚ್ಚೆಯಿಂದ ಬರುವ ಜ್ವರಕ್ಕೆ ಕಳೆದ ಮಳೆಗಾಲ ನಮ್ಮ ದ್ವೀಪದಲ್ಲೇ ಜನ ಹಾಸಿಗೆ ಹಿಡಿದರು. ವಿಷ ಇಟ್ಟರೆ ಕೋಳಿ ಸಾಯುತ್ತದೆ. ಬೆಕ್ಕು ಸಾಕಿದರೆ ಅದು ಮೀನು ತಿಂದು ಬಿಸಿಲಿಗೆ ಹೊಟ್ಟೆ ತೋರಿಸಿ ಮಲಗುತ್ತದೆ. ಅದಕ್ಕೇ ನಮ್ಮ ಹಿರಿಯರು ಹಿಟ್ಟಿನ ಮನೆಯ ಅಟ್ಟದಲ್ಲಿ ಒಂದು ಜಿಬೋಯಾ ಹಾವನ್ನು ಇಟ್ಟುಕೊಳ್ಳುತ್ತಿದ್ದರು. ಅದು ಹೆಬ್ಬಾವಿನ ಹಾಗೆ ಸುತ್ತಿ ಹಿಡಿಯುವ ಹಾವು, ವಿಷ ಇಲ್ಲ.

ಹೊಳೆಯ ಆಚೆ ದಡದ ಇರಾಸಿಲ್ಡಾಳಿಗೆ ಅವಳ ಅಪ್ಪ ಅಂಥದ್ದೇ ಒಂದು ಮರಿ ಕೊಟ್ಟ. ಪಟ್ಟಣದಲ್ಲಿ ಪರವಾನಗಿ ಪಡೆದು ಹಾವು ಸಾಕುವವರ ಹತ್ತಿರ ಕೊಂಡದ್ದು, ಕಾಡಿನಿಂದ ಕದ್ದದ್ದಲ್ಲ. ಇರಾಸಿಲ್ಡಾ ಅದಕ್ಕೆ ಫಿಟಾ ಎಂದು ಹೆಸರಿಟ್ಟಳು. ಫಿಟಾ ಅಂದರೆ ರಿಬ್ಬನ್ನು. ಅವಳ ಅತ್ತೆ ದೋನಾ ಬೆನ್ವಿಂದಾ ಬಾಯಿ ಸುಮ್ಮನಿರುವ ಹೆಂಗಸಲ್ಲ; ದೋನಾ ಅನ್ನುವುದು ನಮ್ಮಲ್ಲಿ ಹಿರಿಯ ಹೆಂಗಸರನ್ನು ಗೌರವದಿಂದ ಕರೆಯುವ ಮಾತು.

"ಬೇರೆ ಸೊಸೇರು ತವರಿಂದ ಕೋಳಿ ತರ್ತಾರೆ, ಹಂದಿಮರಿ ತರ್ತಾರೆ. ನಮ್ಮನೆ ಮಹಾರಾಣಿ ಹಾವು ತಂದ್ಲು. ಅದೂ ಎಂಥದ್ದು? ದಾರದ ಹಾಗಿರೋದು!"

ದಾರದ ಹಾಗಿದ್ದದ್ದು ನಿಜ. ದೋಣಿಯಲ್ಲಿ ಬರುವಾಗ ಚಳಿಮಳೆಯಲ್ಲಿ ನೆನೆದ ಮರಿ, ಬಂದಮೇಲೆ ಚೇತರಿಸಿಕೊಳ್ಳಲೇ ಇಲ್ಲ. ಬೆನ್ನೆಲುಬು ಮನೆ ಸೂರಿನ ಹಾಗೆ ಎದ್ದು ಕಾಣುತ್ತಿತ್ತು. ಪಕ್ಕೆ ಒಳಕ್ಕೆ ಹೋಗಿತ್ತು. ಚರ್ಮ ಸುಕ್ಕುಸುಕ್ಕು.

ನಮ್ಮ ದ್ವೀಪದಲ್ಲಿ ಯಾರು ಸೊರಗಿದರೂ ಮದ್ದು ಒಂದೇ, ಹಾಲು ಹಾಕಿದ ಮರಗೆಣಸಿನ ಗಂಜಿ. ಬಾಣಂತಿಗೆ ಗಂಜಿ, ಜ್ವರ ಬಂದವನಿಗೆ ಗಂಜಿ, ಹಲ್ಲು ಬಿದ್ದ ಮುದುಕನಿಗೂ ಗಂಜಿ. ದೋನಾ ಬೆನ್ವಿಂದಾ ಬೈಯುತ್ತಲೇ ಹಾವಿಗೂ ಗಂಜಿ ಕಾಸಿದರು. ಬಾಯಿ ಬಿಡಿಸಿ ಚಮಚದಲ್ಲಿ ಹುಯ್ದರು. ಹಾವು ಕಕ್ಕಿತು. ಮತ್ತೆ ಹುಯ್ದರು. ಬೈದರೂ ಉಣ್ಣಿಸುವ ಕೈ ಅವರದು, ಆ ವಿಷಯದಲ್ಲಿ ನಾನು ಅವರನ್ನು ದೂರುವುದಿಲ್ಲ.

ಊರಿನವರೂ ಸುಮ್ಮನಿರಲಿಲ್ಲ. ಹಾವಿಗೆ ತಂಪು ಒಳ್ಳೆಯದು ಎಂದರು ಒಬ್ಬರು, ಬುಟ್ಟಿ ನೀರಿನ ಹಂಡೆಯ ಪಕ್ಕಕ್ಕೆ ಹೋಯಿತು. ಜೀವಂತ ಇಲಿ ಬಿಡಿ ಎಂದರು ಇನ್ನೊಬ್ಬರು, ಬಿಟ್ಟ ಇಲಿ ಹಾವಿನ ಬೆನ್ನನ್ನೇ ಕಚ್ಚಿ ಗಾಯ ಮಾಡಿತು. ಬಂದವರೆಲ್ಲ ಎತ್ತಿ ನೋಡುವುದು, ಕೊರಳಿಗೆ ಹಾಕಿಕೊಂಡು ನಗುವುದು. ಸಾಯುತ್ತಿರುವ ಪ್ರಾಣಿಗೆ ನೆಂಟರ ಕಾಟ ಬೇರೆ.

ಆಮೇಲೆ ಒಂದು ದಿನ ಅದರ ಕಣ್ಣು ಬದಲಾಯಿತು. ಕಪ್ಪು ಕಣ್ಣು ಹೋಗಿ ಬಿಳಿ ಬಂತು. ನೀಲಿ ಬೆರೆತ ಬಿಳಿ, ನೀರು ಬೆರೆಸಿದ ಹಾಲಿನ ಬಣ್ಣ. ಎಲ್ಲಿ ನೋಡುತ್ತಿದೆ ಎಂದೇ ತಿಳಿಯದು, ಆದರೆ ನಿಮ್ಮನ್ನೇ ನೋಡುತ್ತಿದೆ ಎನಿಸುತ್ತದೆ. ದೋನಾ ಬೆನ್ವಿಂದಾ ಚಮಚ ಕೆಳಗಿಟ್ಟರು. ಆ ದಿನದಿಂದ ಅವರು ಬೈಯುವುದನ್ನು ನಿಲ್ಲಿಸಿದರು, ನನಗೆ ಮೊದಲು ಹೆದರಿಕೆಯಾದದ್ದು ಅದಕ್ಕೇ.

"ಎರುಂದಿನಾ, ಇಲ್ಲಿ ಬಾ," ಎಂದು ನನ್ನನ್ನು ಪಿಸುಮಾತಿನಲ್ಲಿ ಕರೆದರು. "ಇದರ ಕಣ್ಣಲ್ಲಿ ಹಾಲು ತುಂಬಿದೆ ನೋಡು. ನಾನು ಕೊಟ್ಟಿದ್ದನ್ನೆಲ್ಲ ಕಕ್ಕಿದೆ. ಹಾಗಾದ್ರೆ ಈ ಹಾಲು ಎಲ್ಲಿಂದ ಬಂತು?"

ಉತ್ತರ ನನಗೂ ಗೊತ್ತಿತ್ತು, ನಮ್ಮ ಕಡೆ ಎಲ್ಲ ಹೆಣ್ಣುಮಕ್ಕಳಿಗೂ ಗೊತ್ತು. ಬಾಣಂತಿ ಮಲಗಿದಾಗ ಹಾವು ಬರುತ್ತದೆ, ಕೂಸು ಅಳದಿರಲೆಂದು ತನ್ನ ಬಾಲದ ತುದಿಯನ್ನು ಅದರ ಬಾಯಿಗಿಡುತ್ತದೆ, ತಾನು ತಾಯಿಯ ಎದೆಹಾಲು ಕುಡಿಯುತ್ತದೆ. ಇರಾಸಿಲ್ಡಾಳ ಕೂಸು ಜೊಯೆಲ್ ಆಗಿನ್ನೂ ಎಳೆಯದು. ನಾನು ಅವನ ಧರ್ಮತಾಯಿ, ನನ್ನ ಕೈಯಲ್ಲೇ ಅವನಿಗೆ ದೀಕ್ಷಾಸ್ನಾನ ಆದದ್ದು. ಅದಕ್ಕೇ ಇರಾಸಿಲ್ಡಾ ನನ್ನನ್ನು ಕೊಮಾದ್ರೆ ಎಂದು ಕರೆಯುವುದು.

ಅತ್ತೆ ಸೊಸೆಯ ಎದೆಗೆ ಬಟ್ಟೆ ಬಿಗಿದು ಕಟ್ಟಿಸಿದರು, ಹಾವಿಗೆ ಹಾಲಿನ ವಾಸನೆ ಸಿಗಬಾರದೆಂದು. ಮಲಗಿ ಹಾಲು ಕೊಡಬೇಡ ಎಂದರು. ಬಾಗಿಲ ಕಡೆ ಬೆನ್ನು ಹಾಕಿ ಕೊಡಬೇಡ ಎಂದರು. ಇರಾಸಿಲ್ಡಾ ಹೆದರಿ ಹೆದರಿ ಕೂಸನ್ನು ಎದೆಗೆ ಹಚ್ಚುವುದನ್ನೇ ಕಡಿಮೆ ಮಾಡಿದಳು. ನಿದ್ದೆ ಇಲ್ಲ, ಊಟ ಸೇರದು, ಹಾಲು ಬತ್ತತೊಡಗಿತು. ಜೊಯೆಲ್ ಸೊರಗಿದ. ಮೊದಲು ಅತ್ತ, ಆಮೇಲೆ ಅಳುವುದನ್ನು ಬಿಟ್ಟ. ಅಳದ ಕೂಸಿರುವ ಮನೆಗೆ ಕಾಲಿಟ್ಟರೆ ಎದೆ ಭಾರವಾಗುತ್ತದೆ.

ಅದೇ ವಾರ ನಡುಮಧ್ಯಾಹ್ನ ನಾನು ದೋಣಿ ಹಾಕಿಕೊಂಡು ಆ ಮನೆಗೆ ಹೋದೆ. ಆ ಹೊತ್ತಿನಲ್ಲಿ ನಮ್ಮವರು ಹೊಳೆಗೆ ಇಳಿಯುವುದಿಲ್ಲ, ಕಣ್ಣಿಗೆ ಕಾಣದ ಹೊಳೆಯ ಒಡೆಯರು ತಿರುಗಾಡುವ ಹೊತ್ತು ಅನ್ನುತ್ತಾರೆ. ಉಬ್ಬರದ ನೀರು, ಮರದ ಕಂಬಗಳ ಮೇಲೆ ನಿಂತ ಆ ಮನೆಯ ನೆಲಹಲಗೆಯ ಹತ್ತಿರಕ್ಕೆ ಬಂದಿತ್ತು. ಗಾಳಿ ಇಲ್ಲ, ಒಂದು ಹಕ್ಕಿಯ ಸದ್ದಿಲ್ಲ. ಮೆಟ್ಟಿಲು ಹತ್ತುವಾಗ ಒಳಗಿನಿಂದ ಒಂದು ಸದ್ದು ಕೇಳಿಸಿತು. ಚುಪ್... ಚುಪ್... ಯಾರೋ ಹಸಿದು ಹೀರುವ ಸದ್ದು.

ಕೂಸು ಹಾಲು ಕುಡಿಯುತ್ತಿದೆ, ಸದ್ಯ, ಎಂದುಕೊಂಡು ಒಳಗೆ ಹೋದೆ.

ಇರಾಸಿಲ್ಡಾ ಜೋಲಿಯಲ್ಲಿ ದಣಿದು ನಿದ್ದೆ ಹೋಗಿದ್ದಳು. ಜೊಯೆಲ್ ಅವಳ ತೋಳಿನಲ್ಲಿ ಕಣ್ಣು ಬಿಟ್ಟುಕೊಂಡಿದ್ದ. ಅವನ ಬಾಯಿ ಮುಚ್ಚಿತ್ತು. ಅವರಿಬ್ಬರ ನಡುವೆ ಫಿಟಾ ಸುರುಳಿ ಸುತ್ತಿಕೊಂಡು ತಲೆಯನ್ನು ಇರಾಸಿಲ್ಡಾಳ ಕುತ್ತಿಗೆಯ ಬುಡದಲ್ಲಿ ಇಟ್ಟಿತ್ತು. ಬಾಲ ಕೂಸಿನ ಕೆನ್ನೆಯ ಹತ್ತಿರ. ಆ ಬಿಳಿಕಣ್ಣು ನನ್ನ ಕಡೆಗಿತ್ತು. ಸದ್ದು ಮಾತ್ರ ನಿಂತಿರಲಿಲ್ಲ. ಚುಪ್... ಚುಪ್...

ಹಿಂದಿನಿಂದ ದೋನಾ ಬೆನ್ವಿಂದಾ ಬಂದರು. ಕಿರುಚಲಿಲ್ಲ. ಎದೆಯ ಮೇಲೆ ಶಿಲುಬೆ ಬರೆದುಕೊಂಡು ದೋಣಿಯ ಹುಟ್ಟಿನಿಂದ ಹಾವನ್ನು ಎತ್ತಿ ಬುಟ್ಟಿಗೆ ಹಾಕಿ ಮುಚ್ಚಳದ ಮೇಲೆ ಒರಳುಕಲ್ಲು ಇಟ್ಟರು.

"ಬಾಲ ಎಲ್ಲಿತ್ತು, ನೋಡಿದ್ಯಾ?"

"ಕೆನ್ನೆ ಹತ್ರ ಇತ್ತು, ದೋನಾ."

"ಬಾಯಲ್ಲಿತ್ತು. ನಿನ್ನ ಹೆಜ್ಜೆ ಕೇಳಿ ತೆಗೀತು. ನಾಳೆ ಉಬ್ಬರಕ್ಕೆ ನನ್ನ ಮಗ ಬರ್ತಾನೆ. ಬಂದ ತಕ್ಷಣ ಇದರ ತಲೆ ತೆಗೀತಾನೆ. ಅಲ್ಲೀವರೆಗೂ ಆ ಹುಡುಗಿ ಎದೆ ಬಟ್ಟೆ ಬಿಚ್ಚೋ ಹಾಗಿಲ್ಲ."

ಎಚ್ಚರಾದ ಇರಾಸಿಲ್ಡಾ ಅಳುತ್ತ ನನ್ನ ಕೈ ಹಿಡಿದಳು. "ಕೊಮಾದ್ರೆ, ನನ್ನ ಅಪ್ಪ ಕೊಟ್ಟಿದ್ದು ನನ್ನ ಮಗನ್ನೇ ತಿಂತಾ ಇದ್ಯಾ?"

ನಾಳೆಯವರೆಗೆ ಕೂಸು ಹಸಿದಿರಬೇಕೇ? ನನಗೆ ಹೆದರಿಕೆಗಿಂತ ಸಿಟ್ಟು ಹೆಚ್ಚಾಯಿತು. ಮರುದಿನ ನಾಯಿಗಳಿಗೆ ಹುಚ್ಚಿನ ಲಸಿಕೆ ಹಾಕಲು ಪಟ್ಟಣದಿಂದ ದನದ ಡಾಕ್ಟರು ಮರಿಲೂಸಿ ನಮ್ಮ ಪ್ರಾರ್ಥನಾಮಂದಿರದ ಕಟ್ಟೆಗೆ ಬರುವವರಿದ್ದರು. ಬೆಳಿಗ್ಗೆಯೇ ಹೋಗಿ ಕಾದು ಕೂತೆ. ಕೊನೆಯ ನಾಯಿ ಮುಗಿಯುತ್ತಲೇ ಅವರನ್ನು ದೋಣಿಗೆ ಹತ್ತಿಸಿಕೊಂಡು ಬಂದೆ.

ನಾವು ಮುಟ್ಟುವಾಗ ನೀರು ಏರಿತ್ತು. ಇರಾಸಿಲ್ಡಾಳ ಗಂಡ ಜುರಾಂದಿರ್ ಆಗಲೇ ಬಂದು ಮಚ್ಚು ಮಸೆಯುತ್ತಿದ್ದ.

"ಡಾಕ್ಟ್ರೇ, ನಾಯಿ ಹಿತ್ತಲಲ್ಲಿ ಕಟ್ಟಿದೆ," ಎಂದ, ತಲೆಯೆತ್ತದೆ.

"ನಾಯಿ ಇರ್ಲಿ. ಮೊದ್ಲು ಹಾವು ತೋರ್ಸು. ಮಚ್ಚು ಎಲ್ಲೂ ಓಡಿ ಹೋಗಲ್ಲ."

ಡಾಕ್ಟರು ಒರಳುಕಲ್ಲು ಇಳಿಸಿ ಹಾವನ್ನು ಎರಡೂ ಕೈಯಲ್ಲಿ ಎತ್ತಿಕೊಂಡರು. ಎಲ್ಲರೂ ಗೋಡೆಗೆ ಒತ್ತಿ ನಿಂತೆವು. ಆಗ ಮತ್ತೆ ಆ ಸದ್ದು. ಚುಪ್... ಚುಪ್... ಇರಾಸಿಲ್ಡಾ ಕೂಸನ್ನು ಅವುಚಿಕೊಂಡಳು. ದೋನಾ ಬೆನ್ವಿಂದಾರ ತುಟಿ ಅಲುಗುತ್ತಿತ್ತು.

"ಹಾವು ನನ್ನ ಕೈಯಲ್ಲಿದೆ, ಬಾಯಿ ಮುಚ್ಚಿದೆ," ಎಂದರು ಡಾಕ್ಟರು ಮೆಲ್ಲಗೆ. "ಹಾಗಾದ್ರೆ ಹೀರ್ತಾ ಇರೋದು ಯಾರು?"

ಜುರಾಂದಿರ್ ಮಚ್ಚು ಹಿಡಿದೇ ಮೊಣಕಾಲೂರಿ ಹಲಗೆಯ ಸಂದಿನಲ್ಲಿ ಇಣುಕಿದ. ತುಂಬ ಹೊತ್ತು ಇಣುಕಿದ. "ಹೊಳೆ," ಎಂದ ಕೊನೆಗೆ. "ಮೂಲೆ ಕಂಬ ಪೊಳ್ಳಾಗಿದೆ. ನೀರು ಒಳಗೆ ಹೋಗಿ ಬರ್ತಾ ಇದೆ."

"ಸದ್ದು ಹೊಳೇದಾದ್ರೆ ಕಣ್ಣಲ್ಲಿರೋ ಹಾಲು?" ಎಂದರು ದೋನಾ ಬೆನ್ವಿಂದಾ. ಅಷ್ಟಕ್ಕೆ ಸೋಲುವವರಲ್ಲ ಅವರು.

"ಅದು ಹಾಲಲ್ಲ ದೋನಾ. ಹಾವು ಪೊರೆ ಬಿಡೋ ಮುಂಚೆ ಕಣ್ಣು ಹೀಗೇ ಮಂಜಾಗುತ್ತೆ. ಆಗ ಅದಕ್ಕೆ ಸರಿಯಾಗಿ ಕಾಣಲ್ಲ, ಹೆದರಿರುತ್ತೆ. ಮುಟ್ಟಬಾರದು, ಊಟಾನೂ ಕೊಡಬಾರದು." ಡಾಕ್ಟರು ಒಂದು ತೆಳು ಕಡ್ಡಿಯಿಂದ ಹಾವಿನ ಬಾಯಿ ಬಿಡಿಸಿದರು. "ಬನ್ನಿ, ಈ ಹಲ್ಲು ನೋಡಿ. ಎಲ್ಲ ಒಳಕ್ಕೆ ಬಾಗಿವೆ, ಗಾಳದ ಹಾಗೆ. ಹೀರೋದಕ್ಕೆ ತುಟಿ ಇಲ್ಲ. ಇದು ಎದೆಗೆ ಬಾಯಿ ಹಾಕಿದ್ರೆ ರಕ್ತ ಬರದೆ ಬಿಡಿಸೋಕಾಗಲ್ಲ. ಸೊಸೆ ಮೈಮೇಲೆ ಗಾಯ ಇದ್ಯಾ? ನೀವೇ ಹೋಗಿ ನೋಡಿ."

ಅತ್ತೆ ಸೊಸೆಯನ್ನು ಪರದೆಯ ಹಿಂದಕ್ಕೆ ಕರೆದುಕೊಂಡು ಹೋಗಿ ಬಟ್ಟೆ ಬಿಚ್ಚಿ ನೋಡಿದರು. ಹೊರಗೆ ಬಂದಾಗ ಮುಖ ಸಣ್ಣದಾಗಿತ್ತು.

"ಬಟ್ಟೆ ಬಿಗಿದ ಗುರುತು ಬಿಟ್ರೆ ಇನ್ನೇನೂ ಇಲ್ಲ."

"ಇನ್ನೊಂದು ಮಾತು. ದಿನಾ ತಾಯಿಹಾಲು ಕುಡಿಯೋ ಹಾವು ಹೀಗೆ ಬಡಕಲಾಗಿರುತ್ತಾ? ಇದು ಹಸಿವಿನಿಂದ ಸಾಯ್ತಾ ಇದೆ ದೋನಾ."

"ಹಾಗಾದ್ರೆ ಜೋಲಿಗೆ ಯಾಕೆ ಬಂತು?" ಎಂದು ಕೇಳಿದ್ದು ಜುರಾಂದಿರ್.

"ಚಳಿಗೆ. ಹಾವಿನ ಮೈಗೆ ತನ್ನದೇ ಬಿಸಿ ಇಲ್ಲ. ತಣ್ಣಗಿದ್ರೆ ತಿಂದದ್ದು ಅರಗಲ್ಲ, ಕಕ್ಕುತ್ತೆ. ನೀವು ಹಂಡೆ ಪಕ್ಕ ಇಟ್ರಿ, ಅದು ಬಿಸಿ ಇರೋ ಕಡೆ ಹೋಯ್ತು. ಆದ್ರೆ ಕೂಸಿನ ಹತ್ರ ಹಾವು ಯಾವತ್ತೂ ಹೋಗಬಾರದು. ತಪ್ಪು ಮುಚ್ಚಳ ಹಾಕದವರದು."

ಜುರಾಂದಿರ್ ಮಚ್ಚನ್ನು ಸೂರಿಗೆ ಸಿಕ್ಕಿಸಿದ. ಅದೇ ಮಚ್ಚಿನಿಂದ ಮರುದಿನ ಹಲಗೆ ಕತ್ತರಿಸಿ ಪೆಟ್ಟಿಗೆ ಮಾಡಿದ. ಗಾಳಿಗೆ ಸಣ್ಣ ತೂತು, ಬಿಗಿ ಮುಚ್ಚಳ, ಚಿಲಕ. ಅದನ್ನು ಜೋಲಿಯಿಂದ ದೂರ ಹಿಟ್ಟಿನ ಮನೆಯಲ್ಲಿ ಇಟ್ಟರು. ಒಂದು ಬದಿಗೆ ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿ, ಇನ್ನೊಂದು ಬದಿ ತಂಪು, ಹಾವು ತನಗೆ ಬೇಕಾದ ಕಡೆ ಹೋಗಲಿ ಎಂದು. ಅಡಗಲು ಒಡೆದ ಮಡಕೆ, ಕುಡಿಯಲು ಶುದ್ಧ ನೀರು. ಬೆನ್ನಿನ ಗಾಯಕ್ಕೆ ಡಾಕ್ಟರೇ ಮದ್ದು ಹಚ್ಚಿ, ಹುಳು ಇದೆಯೇ ನೋಡಲು ಅದರ ಹಿಕ್ಕೆಯನ್ನೂ ಒಯ್ದರು. "ಕೂಸಿಗೆ ನಾನು ಡಾಕ್ಟರಲ್ಲ, ಇವತ್ತೇ ಆರೋಗ್ಯ ಕೇಂದ್ರಕ್ಕೆ ಕರ್ಕೊಂಡು ಹೋಗಿ," ಎಂದು ಗದರಿಸಿಯೇ ಹೋದರು. ಅಲ್ಲಿಯ ನರ್ಸಮ್ಮ ಹೇಳಿದ್ದು ಇಷ್ಟೇ: ಬಟ್ಟೆ ಬಿಚ್ಚು, ಹೊಟ್ಟೆ ತುಂಬ ಉಣ್ಣು, ಕೂಸು ಕೇಳಿದಾಗಲೆಲ್ಲ ಹಾಲು ಕೊಡು.

ಇರಾಸಿಲ್ಡಾ ಕೊಟ್ಟಳು. ಆದರೆ ಪ್ರತಿ ಸಲವೂ ಹಿಟ್ಟಿನ ಮನೆಯ ಕಡೆ ಒಂದು ಕಣ್ಣಿಟ್ಟೇ ಕೊಡುತ್ತಿದ್ದಳು. ಬಾಯಲ್ಲಿ ನಂಬಿದರೂ ಎದೆ ನಂಬಬೇಕಲ್ಲ.

ಕಕ್ಕಿದ ಹಾವಿಗೆ ಕೂಡಲೇ ಊಟ ಕೊಡಬಾರದು. ಎರಡು ವಾರ ನೀರು ಮಾತ್ರ. ಪೊರೆ ತುಂಡುತುಂಡಾಗಿ ಬಿಟ್ಟಿತು, ಮೈಯಲ್ಲಿ ನೀರು ಸಾಲದೆ. ಉಗುರುಬೆಚ್ಚಗಿನ ನೀರಿನ ತಟ್ಟೆಯಲ್ಲಿ ಇಟ್ಟಮೇಲೆ ಉಳಿದದ್ದೂ ಬಿತ್ತು. ಕಣ್ಣು ಮತ್ತೆ ಕಪ್ಪಾಯಿತು.

ಊಟದ ದಿನ ನಾನೂ ಹೋಗಿದ್ದೆ. ಡಾಕ್ಟರು ಕಳಿಸಿದ ಮಂಜುಗಟ್ಟಿದ ಇಲಿಮರಿ, ಸಣ್ಣದು, ಹಾವಿನ ನಡುವಿಗಿಂತ ತೆಳ್ಳಗಿನದು. ಬಿಸಿನೀರಿನಲ್ಲಿಟ್ಟು ಬೆಚ್ಚಗೆ ಮಾಡಿದ್ದರು. ಬೇಯಿಸಿರಲಿಲ್ಲ. ಉದ್ದ ಇಕ್ಕಳ ಹಿಡಿಯಲು ಜುರಾಂದಿರ್ ಮುಂದೆ ಬಂದ.

"ಸರಿ ಆ ಕಡೆ," ಎಂದರು ದೋನಾ ಬೆನ್ವಿಂದಾ. "ಈ ಮನೇಲಿ ಹಸಿದವರಿಗೆ ಉಣ್ಣಿಸೋಳು ನಾನು."

ಇಕ್ಕಳವನ್ನು ತಾವೇ ತೆಗೆದುಕೊಂಡು ಇಲಿಮರಿಯನ್ನು ಒಡ್ಡಿದರು. ಫಿಟಾ ಮಡಕೆಯಿಂದ ಮೂತಿ ಹೊರಗಿಟ್ಟಿತು. ನಾಲಿಗೆ ಆಡಿಸಿತು, ನಿಂತಿತು. ಕಲ್ಲಾಗಿ ಹೋಯಿತೋ ಎಂಬಷ್ಟು ಹೊತ್ತು ಅಲ್ಲಾಡಲಿಲ್ಲ. ಒಲ್ಲೆ ಅನ್ನುತ್ತದೆ, ಇನ್ನು ಬದುಕುವುದಿಲ್ಲ, ಎಂದುಕೊಳ್ಳುತ್ತಿದ್ದಂತೆ ಚಾಟಿಯ ಹಾಗೆ ಎರಗಿತು. ದೋನಾ ಬೆನ್ವಿಂದಾ ಕೂಗಿ ಇಕ್ಕಳ ಬಿಟ್ಟು ನನ್ನ ಮೇಲೆ ಬಿದ್ದರು. ಹಾವು ಸುರುಳಿ ಬಿಗಿದು, ದವಡೆ ಬಿಚ್ಚಿ ಬಿಚ್ಚಿ ಮೆಲ್ಲಗೆ ನುಂಗತೊಡಗಿತು. ಆ ಗಂಟು ತೆಳ್ಳನೆಯ ಮೈಯೊಳಗೆ ಇಳಿಯುವುದನ್ನು ನಾವು ನೋಡಿದೆವು. ನೋಡಲು ಮೈ ಜುಮ್ಮೆನ್ನುತ್ತದೆ, ಸುಳ್ಳು ಯಾಕೆ ಹೇಳಲಿ.

"ಗಂಜಿ ಕೊಟ್ರೆ ಕಕ್ತು, ಇದನ್ನ ನುಂಗ್ತು," ಎಂದರು ಮುದುಕಿ. "ಇದರ ಊಟಾನೇ ಬೇರೆ ಕಣೇ ಇರಾಸಿಲ್ಡಾ. ನಿನ್ನ ಹಾಲು ಇದಕ್ಕೆ ಯಾತಕ್ಕೂ ಬೇಡ."

ಆ ಹೊತ್ತಿಗೆ ಒಳಗೆ ಜೊಯೆಲ್ ಅಳತೊಡಗಿದ. ದೊಡ್ಡ ದನಿಯಲ್ಲಿ, ಹೊಳೆ ಆಚೆಗೂ ಕೇಳುವ ಹಾಗೆ, ಹಸಿದ ಕೂಸಿನ ಸಿಟ್ಟಿನ ಅಳು. ಇರಾಸಿಲ್ಡಾ ಓಡಿಹೋಗಿ ಜೋಲಿಯಲ್ಲಿ ಮಲಗಿಕೊಂಡೇ, ಬಾಗಿಲಿಗೆ ಬೆನ್ನು ಹಾಕಿಯೇ ಅವನನ್ನು ಎದೆಗೆ ಹಚ್ಚಿಕೊಂಡಳು. ಹಿಂತಿರುಗಿ ನೋಡಲಿಲ್ಲ.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಕಾಡಿನ ಹಾವನ್ನು ಹಿಡಿದು ತರಬೇಡಿ. ಪರವಾನಗಿ ಪಡೆದು ಸಾಕಿದ ಮರಿ ಸೊರಗಿದರೆ ಬೆಚ್ಚಗಿಡಿ, ಅಡಗಲು ಜಾಗ ಕೊಡಿ, ಎತ್ತಿ ಆಡಿಸಬೇಡಿ. ಜೀವಂತ ಇಲಿ ಬಿಡಬೇಡಿ, ವಿಷ ತಿಂದು ಸತ್ತ ಇಲಿಯನ್ನಂತೂ ಕೊಡಲೇಬೇಡಿ. ಸೊರಗಿದೆ ಎಂದು ಒಮ್ಮೆಗೇ ತುರುಕಬೇಡಿ. ವಾರಕ್ಕೊಮ್ಮೆ ಸಣ್ಣ ತುತ್ತು ಸಾಕು, ಉಂಡಮೇಲೆ ಎರಡು ಮೂರು ದಿನ ಮುಟ್ಟಬೇಡಿ. ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆಯಿರಿ. ಮತ್ತೆ ಕಕ್ಕಿದರೆ ಪ್ರಾಣಿ ಡಾಕ್ಟರಿಗೆ ತೋರಿಸಿ. ಪೆಟ್ಟಿಗೆಯ ಚಿಲಕ ಹಾಕಿದೆಯೇ ಎಂದು ಮಲಗುವ ಮುಂಚೆ ನೋಡಿ.

ಹಾವಿಗೆ ಹಾಲು ಬೇಡ. ಆ ಹಾಲನ್ನು ನಿಮ್ಮ ಕೂಸಿಗೆ ಕೊಡಿ, ಹೆದರದೆ ಕೊಡಿ.