ಹೊಂಬಾಳಮ್ಮನ ದವಡೆ ನೋವು

ನಲವತ್ತೊಂದನೇ ಇಸವಿಯ ಬೇಸಿಗೆ. ಮೈಸೂರಿನಲ್ಲಿ ಡಾಕ್ಟರಿಕೆ ಓದುತ್ತಿದ್ದ ಚಲುವರಾಜು ರಜೆಗೆಂದು ಹನಕೆರೆಗೆ ಬಂದಿಳಿದಾಗ ಕೈಯಲ್ಲಿ ಬಿಳಿ ಇಲಿಗಳ ಪಂಜರವಿತ್ತು. ಅವನನ್ನು ಸಾಕಿ ಬೆಳೆಸಿದ ಸೋದರತ್ತೆ ಹೊಂಬಾಳಮ್ಮ ಹಣೆ ಚಚ್ಚಿಕೊಂಡಳು.

"ಮನೇಲಿರೋ ಇಲಿ ಸಾಲ್ದು ಅಂತ ರೈಲಲ್ಲಿ ಬೇರೆ ತಂದ್ಯೇನ್ಲಾ?"

"ಮೊಕದ ನೋವು ಎಂಗಿರ್ತದೆ ಅಂತ ನೋಡಾಕೆ ಕಣತ್ತೆ. ಇವು ಬಾಯ್ಬುಟ್ಟು ಏಳಲ್ವಲ್ಲ, ನಾವೇ ನೋಡಿ ತಿಳ್ಕಬೇಕು."

ಜಗಲಿಯ ಮೇಲೆ ಅವನ ಕೆಲಸ ಶುರುವಾಯಿತು. ಇಲಿಯ ತುಟಿಯ ಒಂದು ಪಕ್ಕಕ್ಕೆ ಮೆಣಸಿನಕಾಯಿ ನೀರು ಸೋಕಿಸಿದರೆ ಅದು ಮುಂಗಾಲಿನಿಂದ ಅದೇ ಕೆನ್ನೆಯನ್ನು ಉಜ್ಜಿಕೊಳ್ಳುತ್ತಿತ್ತು. ಕಾಳನ್ನು ಇನ್ನೊಂದು ಪಕ್ಕಕ್ಕೆ ಸರಿಸಿಕೊಂಡು ಕಡಿಯುತ್ತಿತ್ತು. ಮೊದಲೇ ಮರಗಟ್ಟಿಸುವ ಮದ್ದು ಚುಚ್ಚಿದ್ದರೆ, ಏನೂ ಆಗದಂತೆ ತಿನ್ನುತ್ತ ಕೂತಿರುತ್ತಿತ್ತು. ಹೊಂಬಾಳಮ್ಮ ಮೊದಮೊದಲು ಬೈದಳು. ಆಮೇಲೆ ಪೊರಕೆ ಹಿಡಿದುಕೊಂಡೇ ನಿಂತು ನೋಡತೊಡಗಿದಳು.

ಒಂದು ಮಧ್ಯಾಹ್ನ ಅವಳು ಮುದ್ದೆ ನುಂಗಿ, ಹುರುಳಿಕಾಳನ್ನು ಬಲಗಡೆಗೆ ತಳ್ಳಿಕೊಂಡು ಅಗಿಯುತ್ತಿದ್ದಳು. ನಡುವೆ ಎಡಗೆನ್ನೆ ಒತ್ತಿಕೊಂಡಳು. ಚಲುವರಾಜು ತುತ್ತು ಕೈಯಲ್ಲೇ ಹಿಡಿದು ನೋಡಿದ.

"ಅತ್ತೆ, ಎಡಗಡೆ ದವಡೆ ಅಲ್ಲು ನೋಯ್ತದೆ, ಅಲ್ವಾ?"

ಹೊಂಬಾಳಮ್ಮ ಬೆಚ್ಚಿದಳು. ಸಂಕ್ರಾಂತಿಯಿಂದಲೂ ಆ ನೋವನ್ನು ಯಾರಿಗೂ ತಿಳಿಯದಂತೆ ನುಂಗಿಕೊಂಡಿದ್ದಳು. ಹಿಂದೆ ಸಂತೆಯಲ್ಲಿ ಗಂಡ ದೊಡ್ಡಬೀರಯ್ಯನ ಹಲ್ಲಿಗೆ ಒಬ್ಬ ಇಕ್ಕಳ ಹಾಕಿ ಕಿತ್ತಾಗ ಅವನು ಕೂಗಿಕೊಂಡದ್ದು ನೆನಪಾದರೆ ಈಗಲೂ ಅವಳು ಕಿವಿ ಮುಚ್ಚಿಕೊಳ್ಳುತ್ತಿದ್ದಳು.

"ಯಾರ್ಲಾ ಏಳಿದ್ದು ನಿಂಗೆ?"

"ಇಲೀನ ನೋಡ್ದಂಗೆ ನಿನ್ನೂ ನೋಡ್ದೆ. ನಡಿ, ಮಂಡ್ಯದ ಆಸ್ಪತ್ರೆಗೆ ಓಗಮ."

ಅವಳು ಇಲಿಗಳ ಪಂಜರದ ಕಡೆ ನೋಡಿದಳು. "ಆ ಇಲಿಗೆ ಚುಚ್ಚಿದ್ಯಲ್ಲ, ಆ ಮದ್ದು ನಂಗೂ ಆಕ್ತಾರಾ?"

"ಅದ್ನೇ ಆಕ್ತಾರೆ ಕಣತ್ತೆ."

"ಅಂಗಾರೆ ಬತ್ತೀನಿ."

ಮಂಡ್ಯದಲ್ಲಿ ಡಾಕ್ಟರು ಸೂಜಿ ಹಾಕಿದರು. ಕಣ್ಣು ಬಿಗಿಯಾಗಿ ಮುಚ್ಚಿ, ಸೋದರಳಿಯನ ಕೈಯನ್ನು ಹಿಂಡುತ್ತ ಕೂತಿದ್ದ ಹೊಂಬಾಳಮ್ಮ ಬಹಳ ಹೊತ್ತಾದ ಮೇಲೆ ತೊದಲಿದಳು: "ಯಾವಾಗ ಕೀಳ್ತೀರ ಬುದ್ಧಿ?"

ಡಾಕ್ಟರು ಪಿಂಗಾಣಿ ಬಟ್ಟಲು ಮುಂದೆ ಹಿಡಿದರು. ಹಲ್ಲು ಅದರಲ್ಲಿತ್ತು. ಅವಳಿಗೆ ನಗು ಉಕ್ಕಿ ಬಂತು. ಮರಗಟ್ಟಿದ ತುಟಿ ಸೊಟ್ಟಗಾಗಿ ನಗು ಒಂದೇ ಕಡೆ ಅರಳಿತು. ಅದನ್ನು ಕಂಡು ಚಲುವರಾಜುವೂ ಡಾಕ್ಟರೂ ನಕ್ಕರು.

ಗಾಯ ಮಾಯ್ದ ಮೇಲೆ ಒಂದು ಸಂಜೆ ಹೊಂಬಾಳಮ್ಮ ಬಾಗಿಲಲ್ಲಿ ಕೂತು ಕಬ್ಬಿನ ಜಲ್ಲೆಯನ್ನು ಹಲ್ಲಿನಿಂದಲೇ ಸಿಗಿಯುತ್ತಿದ್ದಳು. ಎದುರುಮನೆಯ ದೇವಿರಮ್ಮ ಬಾಯಿ ತೆರೆದು ನೋಡಿದಳು.

"ಬಾರಮ್ಮಿ, ನೀನೂ ತಿನ್ನು," ಎಂದು ಹೊಂಬಾಳಮ್ಮ ಪಕ್ಕಕ್ಕೆ ಸರಿದು ಜಾಗ ಮಾಡಿದಳು. ರಸ ಗಲ್ಲದ ಮೇಲೆ ಇಳಿಯುತ್ತಿತ್ತು.